ಔಷಧದಾನವೂ ಬಾಡಿಗೆಯ ಪ್ರಮಾಣಪತ್ರವೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಅರಿಯದ ಶ್ರಾವಕರ ಮನೆಯಿಲ್ಲ. ಇವುಗಳಲ್ಲಿ ಔಷಧದಾನಕ್ಕಾಗಿ ನಮ್ಮ ಪೂರ್ವಿಕರು ಧನವನ್ನಷ್ಟೇ ಅಲ್ಲದೆ ವಿದ್ಯೆಯನ್ನೂ ವಿನಿಯೋಗಿಸಿದರು. ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿದರು, ಕನ್ನಡದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನೂ ಮಂಗರಾಜನು ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನೂ ಬರೆದರು. ಅಂಥವರ ವಾರಸುದಾರರಾದ ನಮ್ಮಲ್ಲಿ ಅನೇಕರು ಇಂದು ಔಷಧದ ಅಂಗಡಿಗಳನ್ನು ಇಟ್ಟಿದ್ದಾರೆ. ಆ ಅಂಗಡಿಗಳಲ್ಲಿ ಔಷಧವಿದ್ಯೆಯನ್ನು ಓದಿದವರು ನಿಜವಾಗಿ ಕುಳಿತಿರುವುದು ಎಷ್ಟರಲ್ಲಿ ಎಂಬುದೇ ನನ್ನ ಪ್ರಶ್ನೆ.

ಕಾನೂನಿನಲ್ಲಿ ಈ ವಿಷಯವಾಗಿ ಸಂದೇಹಕ್ಕೆ ಎಡೆಯಿಲ್ಲ. 1948ರ ಫಾರ್ಮಸಿ ಅಧಿನಿಯಮದ 42ನೆಯ ಕಲಮಿನಂತೆ, ವೈದ್ಯರ ಚೀಟಿಯ ಮೇಲೆ ಔಷಧವನ್ನು ಬೆರೆಸಿ ಕೊಡುವುದಾಗಲಿ, ವಿತರಿಸುವುದಾಗಲಿ ನೋಂದಾಯಿತ ಫಾರ್ಮಸಿಸ್ಟರಿಗೆ ಮಾತ್ರ ಸಲ್ಲುತ್ತದೆ, ಮೀರಿದರೆ ಅಪರಾಧ. 1945ರ ಔಷಧ ನಿಯಮಗಳ 65ನೆಯ ನಿಯಮವು ಚೀಟಿಯ ಔಷಧಿಯ ಮಾರಾಟವು ಫಾರ್ಮಸಿಸ್ಟರ ಖುದ್ದು ಮೇಲ್ವಿಚಾರಣೆಯಲ್ಲಿ ನಡೆಯಬೇಕೆನ್ನುತ್ತದೆ. ಅಮೆರಿಕದಲ್ಲಿ ಫಾರ್ಮಸಿ ಟೆಕ್ನಿಷಿಯನ್ ಎಂಬ ಸಹಾಯಕರ ವರ್ಗವೇ ಬೇರೆ ಇದೆ. ಅಲ್ಲಿಯೂ ಅವರು ಫಾರ್ಮಸಿಸ್ಟರ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ನಮ್ಮಲ್ಲಿ ಡಿ.ಫಾರ್ಮ್ ಮುಗಿಸಿದವರೇ ರಾಜ್ಯದ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಪಡೆದು ಪೂರ್ಣ ಹೊಣೆಯ ಫಾರ್ಮಸಿಸ್ಟರಾಗುತ್ತಾರೆ.

ಆದರೆ ವ್ಯವಹಾರದಲ್ಲಿ ನಡೆಯುವುದೇನು? ಅಂಗಡಿಯ ಗೋಡೆಯಲ್ಲಿ ಕಟ್ಟು ಹಾಕಿದ ಪ್ರಮಾಣಪತ್ರವೊಂದು ತೂಗುತ್ತಿರುತ್ತದೆ. ಅದರ ಒಡೆಯನು ಬೇರೊಂದು ಊರಿನಲ್ಲಿ ಬೇರೊಂದು ಉದ್ಯೋಗದಲ್ಲಿರುತ್ತಾನೆ. ತಿಂಗಳಿಗಿಷ್ಟು ಎಂದು ಅವನಿಗೆ ಹಣ ಸಂದಾಯವಾಗುತ್ತದೆ. ಔಷಧ ಕೊಡುವವನು ಹತ್ತನೆಯ ತರಗತಿಗೆ ಓದು ಬಿಟ್ಟ ಹುಡುಗ.

ಇದನ್ನು ನಾನು ಪರರ ದೋಷವಾಗಿ ಎಣಿಸಿ ಬರೆಯುತ್ತಿಲ್ಲ. ನನ್ನ ತಮ್ಮನೂ ನಾನೂ ಪಾಲುದಾರರಾಗಿದ್ದ ಔಷಧದ ಅಂಗಡಿಯಲ್ಲಿ ಹಲವು ವರ್ಷ ಇದೇ ಏರ್ಪಾಡು ನಡೆಯಿತು. ಬಿ.ಕಾಂ. ಓದಿದ ನಾನೇ ಲೆಕ್ಕಪುಸ್ತಕವನ್ನು ಬರೆಯುತ್ತಿದ್ದೆ. ಅಂಗಡಿಗೆ ಕಾಲಿಡದ ಮನುಷ್ಯನಿಗೆ ಕೊಟ್ಟ ಹಣವನ್ನು ಪ್ರತಿ ತಿಂಗಳೂ ‘ವೇತನ’ ಎಂಬ ಶೀರ್ಷಿಕೆಯಡಿ ನನ್ನ ಕೈಯಾರೆ ಬರೆದೆ. ಪರ್ಯೂಷಣದ ದಿನಗಳಲ್ಲಿ ಬಸದಿಯಲ್ಲಿ ಕುಳಿತು ಅಣುವ್ರತಗಳ ಅತಿಚಾರಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದವನೂ ನಾನೇ.

2011ರಲ್ಲಿ ನನ್ನ ಅಕ್ಕನಿಗೆ ಕೀಲುವಾತಕ್ಕಾಗಿ ವೈದ್ಯರು ಮೆಥೋಟ್ರೆಕ್ಸೇಟ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು. ಕೀಲುವಾತಕ್ಕೆ ಇದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸತಕ್ಕದ್ದು. ದಿನವೂ ಸೇವಿಸಿದರೆ ರಕ್ತಕಣಗಳನ್ನು ಹುಟ್ಟಿಸುವ ಅಸ್ಥಿಮಜ್ಜೆಯೇ ಕುಗ್ಗಿಹೋಗುತ್ತದೆ, ಪ್ರಾಣಕ್ಕೂ ಅಪಾಯ. ವೈದ್ಯರ ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು. ನಮ್ಮ ಅಂಗಡಿಯ ಹುಡುಗನು ಕವರಿನ ಮೇಲೆ ‘ರಾತ್ರಿ ಊಟದ ನಂತರ ಒಂದು’ ಎಂದು ಬರೆದುಕೊಟ್ಟನು. ಹತ್ತು ದಿನಗಳೊಳಗೆ ಅಕ್ಕನ ಬಾಯಿಯೆಲ್ಲ ಹುಣ್ಣಾಗಿ, ನೀರು ನುಂಗಲಾಗದೆ, ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಿಳಿಯ ರಕ್ತಕಣಗಳು ತೀರ ಇಳಿದಿದ್ದವು. ಆಯುಷ್ಯ ಬಲವಾಗಿದ್ದುದರಿಂದ ಮೂರು ವಾರಗಳ ನಂತರ ಮನೆಗೆ ಬಂದಳು. ಆಕೆ ನನಗೆ ಹೇಳಿದ್ದು ಒಂದೇ ಮಾತು: “ನಮ್ಮ ಅಂಗಡಿಯದೇ ಗುಳಿಗೆ ಅಲ್ಲವೇನೋ, ಇನ್ನು ಕೇಳುವುದೇನಿದೆ ಅಂದುಕೊಂಡೆ.”

ಆ ಹುಡುಗನನ್ನು ಬೈದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ಅವನಿಗೆ ಆ ಔಷಧದ ಗುಣವನ್ನು ಯಾರೂ ಕಲಿಸಿರಲಿಲ್ಲ; ಕಲಿತವನ ಹೆಸರನ್ನು ನಾವು ಗೋಡೆಗೆ ತೂಗುಹಾಕಿದ್ದೆವು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಉಕ್ತವಾಗಿವೆ. ಸುಳ್ಳು ಲೇಖವನ್ನು ಬರೆಯುವುದು ಮೊದಲನೆಯದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ನಡೆಸುವುದು ಎರಡನೆಯದು. ನನ್ನ ಲೆಕ್ಕಪುಸ್ತಕದ ಒಂದು ಸಾಲಿನಲ್ಲಿ ಇವೆರಡೂ ಇದ್ದವು.

ಸಮಾಜ ಬಾಂಧವರು ಹೇಳುವ ಸಮಾಧಾನಗಳು ನನಗೆ ಅಪರಿಚಿತವಲ್ಲ. ಅವನ್ನು ನಾನೇ ಹೇಳಿದ್ದೇನೆ. “ಹುಡುಗನಿಗೆ ಹತ್ತು ವರ್ಷದ ಅನುಭವವಿದೆ” ಎಂಬುದು ಒಂದು. ಅನುಭವವು ಔಷಧ ಯಾವ ಕಪಾಟಿನಲ್ಲಿದೆ ಎಂಬುದನ್ನು ಕಲಿಸುತ್ತದೆ. ಅದು ಮೂತ್ರಪಿಂಡದ ರೋಗಿಗೆ ತಗುಲುವ ಕೇಡನ್ನು ಕಲಿಸುವುದಿಲ್ಲ. “ಲಾಭಾಂಶ ಕಡಿಮೆ” ಎಂಬುದು ಇನ್ನೊಂದು. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಪಟ್ಟಿಯಲ್ಲಿರುವ ಔಷಧಗಳ ಬೆಲೆ ಕಟ್ಟುವಾಗ ಚಿಲ್ಲರೆ ವ್ಯಾಪಾರಿಗೆ ಶೇಕಡಾ 16ರಷ್ಟು ಲಾಭಾಂಶವನ್ನು ಗಣಿಸಲಾಗುತ್ತದೆ. ಅದು ದೊಡ್ಡ ಲಾಭವಲ್ಲವೆಂಬುದು ನಿಜ. ಆದರೆ ಬಾಡಿಗೆ, ವಿದ್ಯುತ್ತು, ಶೀತಲಪೆಟ್ಟಿಗೆಗಳ ಖರ್ಚನ್ನು ಅನಿವಾರ್ಯವೆಂದು ಒಪ್ಪುವ ನಾವು, ಅರಿತವನ ಸಂಬಳವೊಂದನ್ನೇ ಉಳಿತಾಯದ ಬಾಬ್ತಾಗಿ ಕಾಣುವುದೇಕೆ? ಅದನ್ನು ಭರಿಸಲಾಗದವನು ಬಟ್ಟೆಯನ್ನೋ ಪಾತ್ರೆಯನ್ನೋ ಮಾರಲಿ. ಅಲ್ಲಿ ತಪ್ಪಾದರೆ ಪ್ರಾಣ ಹೋಗದು.

ನಿಜವಾದ ಕಾರಣ ಬೇರೆ ಇದೆ. ಈ ವಿದ್ಯೆಯ ಬಗ್ಗೆ ನಮಗೆ ತಾತ್ಸಾರ. ಮಗ ವೈದ್ಯನಾಗದಿದ್ದರೆ ಇಂಜಿನಿಯರ್, ಅದೂ ಇಲ್ಲವಾದರೆ ಸಿ.ಎ.; ಡಿ.ಫಾರ್ಮ್ ಓದುತ್ತಾನೆಂದರೆ ಸಂಬಂಧ ಕೇಳಿ ಬಂದವರು “ಗುಳಿಗೆ ಎಣಿಸುವುದಕ್ಕೂ ಓದೇ?” ಎನ್ನುತ್ತಾರೆ. ಓದೇ ಹೌದು. ಪಿ.ಯು.ಸಿ. ವಿಜ್ಞಾನದ ನಂತರ ಎರಡು ವರ್ಷಗಳ ವ್ಯಾಸಂಗ, ಬಳಿಕ ಕನಿಷ್ಠ 500 ಗಂಟೆಗಳ ಪ್ರಾಯೋಗಿಕ ತರಬೇತಿ. ಔಷಧ ಶರೀರದಲ್ಲಿ ಏನು ಮಾಡುತ್ತದೆ, ಎರಡು ಔಷಧಗಳು ಕೂಡಿದರೆ ಏನಾಗುತ್ತದೆ, ಮಗುವಿಗೆ ಎಷ್ಟು, ಗರ್ಭಿಣಿಗೆ ಯಾವುದು ನಿಷಿದ್ಧ, ಇನ್ಸುಲಿನ್ನನ್ನು ಎಷ್ಟು ತಣ್ಣಗಿಡಬೇಕು ಎಂಬಿವೆಲ್ಲ ಅದರಲ್ಲಿ ಸೇರುತ್ತವೆ. 2014ರಿಂದ ಜಾರಿಗೆ ಬಂದ ಎಚ್-1 ಅನುಸೂಚಿಯ ಔಷಧಗಳಿಗೆ ವೈದ್ಯರ ಮತ್ತು ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಇದು ಎಣಿಕೆಯ ಕೆಲಸವಲ್ಲ. ವೈದ್ಯರ ಕೈತಪ್ಪೂ ರೋಗಿಯ ಬಾಯಿಗೆ ಹೋಗದಂತೆ ತಡೆಯುವ ಕೊನೆಯ ಕಾವಲು.

ಕ್ಯಾಪ್ಸೂಲಿನ ಹೊರಕವಚ ಪ್ರಾಣಿಜನ್ಯ ಜೆಲಾಟಿನ್ನಿನದೇ ಎಂದು ಎಚ್ಚರದಿಂದ ವಿಚಾರಿಸುವ ನಾವು, ಅದನ್ನು ಕೊಡುತ್ತಿರುವ ಕೈ ಯಾರದೆಂದು ವಿಚಾರಿಸುವುದಿಲ್ಲ. ಮೊದಲನೆಯದು ಅಹಿಂಸೆಯ ಪ್ರಶ್ನೆಯಾದರೆ ಎರಡನೆಯದು ಹೇಗೆ ಅಲ್ಲ? ಅಜಾಗರೂಕತೆಯಿಂದ ಆದ ಹಿಂಸೆಯೂ ಹಿಂಸೆಯೇ. ಪ್ರಮಾದವೇ ಅದರ ಮೂಲವೆಂದು ಆಚಾರ್ಯರು ಹೇಳಿದ್ದಾರಲ್ಲವೇ?

ಬಸದಿಗಳ ಟ್ರಸ್ಟುಗಳಲ್ಲಿ ನನ್ನ ಬಿನ್ನಹ ಮೂರು. ಟ್ರಸ್ಟಿನ ಮಳಿಗೆಯನ್ನು ಔಷಧದ ಅಂಗಡಿಗೆ ಬಾಡಿಗೆಗೆ ಕೊಡುವಾಗ, ಫಾರ್ಮಸಿಸ್ಟರು ಖುದ್ದಾಗಿ ಕುಳಿತಿರಬೇಕೆಂಬ ಕರಾರನ್ನು ಪತ್ರದಲ್ಲಿ ಸೇರಿಸಿರಿ. ತಪ್ಪಿದರೆ ಮಳಿಗೆಯನ್ನು ಬಿಡಿಸಿರಿ. ಉಚಿತ ಚಿಕಿತ್ಸಾ ಶಿಬಿರಗಳಲ್ಲಿ ಔಷಧಗಳನ್ನು ಸ್ವಯಂಸೇವಕರ ಕೈಯಿಂದ ಹಂಚಿಸದೆ ಫಾರ್ಮಸಿಸ್ಟರಿಂದಲೇ ಕೊಡಿಸಿರಿ. ಮೂರನೆಯದಾಗಿ, ಔಷಧದಾನದ ನಿಧಿಯಿಂದ ಪ್ರತಿ ವರ್ಷ ಕೆಲವರಾದರೂ ಬಡ ಮಕ್ಕಳಿಗೆ, ಗಂಡೋ ಹೆಣ್ಣೋ ಎಂದೆಣಿಸದೆ, ಈ ವಿದ್ಯೆಯನ್ನು ಓದಿಸಿರಿ. ಅದರಿಂದ ಔಷಧದಾನವೂ ಶಾಸ್ತ್ರದಾನವೂ ಒಟ್ಟಿಗೆ ನೆರವೇರುತ್ತವೆ.

ನಮ್ಮ ಅಂಗಡಿಯಲ್ಲಿ 2012ರಿಂದ ಡಿ.ಫಾರ್ಮ್ ಓದಿದ ಹೆಣ್ಣುಮಗಳೊಬ್ಬಳು ಕುಳಿತಳು. ಲಾಭ ಇಳಿಯಿತು, ಇಳಿದದ್ದನ್ನೂ ನಾನೇ ಬರೆದೆ. ‘ವೇತನ’ ಎಂಬ ಮಾತನ್ನು ಆ ಪುಸ್ತಕದಲ್ಲಿ ಮೊದಲ ಬಾರಿಗೆ ನಿಜವಾಗಿ ಬರೆದೆನೆಂಬುದಷ್ಟೇ ನನ್ನ ಸಮಾಧಾನ. ಅಕ್ಕನಿಗೆ ಆದ ಸಂಕಟವನ್ನು ಯಾವ ಜಮಾ-ಖರ್ಚಿನಲ್ಲಿಯೂ ಸರಿದೂಗಿಸಲು ನನಗೆ ಈವರೆಗೆ ಸಾಧ್ಯವಾಗಿಲ್ಲ.