ಡಾಲರಿಗೆ ಗುಣಿಸಿದರೆ ಸಾಕೇ?



ಡೊಂಬಿವಲಿಯಲ್ಲಿ ನಾಲ್ಕು ಮಂದಿ ಕನ್ನಡಿಗರು ಸೇರಿದರೆ ಸಾಕು, ಒಂದು ಲೆಕ್ಕ ಶುರುವಾಗುತ್ತದೆ. ಅಮೆರಿಕದಲ್ಲಿ ಸಂಬಳ ಇಷ್ಟು ಡಾಲರ್, ರೂಪಾಯಿಗೆ ತಿರುಗಿಸಿದರೆ ಇಷ್ಟು ಲಕ್ಷ! ಹೋಗುವುದೋ ಇಲ್ಲೇ ಇರುವುದೋ ಎಂದು ಯೋಚಿಸುತ್ತಿರುವ ನಿಮಗೆ ಈ ಗುಣಾಕಾರವೊಂದೇ ಉತ್ತರ ಹೇಳಲಾರದು.

ಮೊದಲು ಹಣದ ಮಾತು. ಬ್ಯಾಂಕಿನಲ್ಲಿ ಒಂದು ಡಾಲರಿಗೆ 80 ರೂಪಾಯಿಗೂ ಹೆಚ್ಚು ಸಿಗುತ್ತದೆ, ನಿಜ. ಆದರೆ ಎರಡೂ ದೇಶಗಳ ಬೆಲೆಗಳನ್ನು ಹೋಲಿಸಿದ ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ, ಅಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು, ಸೇವೆ ಇಲ್ಲಿ ಸರಾಸರಿ 20 ರೂಪಾಯಿಗಳ ಆಸುಪಾಸಿನಲ್ಲಿ ಸಿಗುತ್ತದೆ. ಆ ಲಕ್ಷಗಳು ಕಾಲು ಭಾಗಕ್ಕೆ ಇಳಿದವಲ್ಲ! ಹಾಗೆಂದು ಬೀಗುವುದೂ ಬೇಡ. ಇಲ್ಲಿ ಇಸ್ತ್ರಿ, ಕ್ಷೌರ, ಪಾತ್ರೆ ತಿಕ್ಕುವ ಕೆಲಸ ಅಗ್ಗವಾಗಿರುವುದು ಏಕೆ? ದುಡಿಯುವವರ ಕೂಲಿ ಕಡಿಮೆ, ಅದಕ್ಕೇ. ನಮ್ಮ ಸುಖದ ಒಂದು ಪಾಲು ಮನೆಗೆಲಸದ ಬಾಯಿಯ ಸಣ್ಣ ಸಂಬಳದ ಮೇಲೆ ನಿಂತಿದೆ.

ಎರಡನೆಯದು ಸಮಯ. ಕಚೇರಿಗೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಎಂದಿಟ್ಟುಕೊಳ್ಳಿ. 300 ದಿನಕ್ಕೆ 900 ಗಂಟೆ, ಅಂದರೆ ಹಗಲು ರಾತ್ರಿ ಸೇರಿ 37 ದಿನಕ್ಕೂ ಮಿಕ್ಕಿ! ಜೀವದ ಭಯ ಬೇರೆ. ಮುಂಬಯಿ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತ ವರ್ಷಗಳೇ ಬಹಳ. 2025ರ ಜೂನ್ 9ರಂದು ನಮ್ಮ ಪಕ್ಕದ ಮುಂಬ್ರಾ ಬಳಿ ತುಂಬಿದ ಗಾಡಿಗಳಿಂದ ಬಿದ್ದವರನ್ನು ಮರೆಯಲಾದೀತೇ? ಆದರೆ ಅಮೆರಿಕದ ರಸ್ತೆಗಳಲ್ಲೂ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 40 ಸಾವಿರ ಮಂದಿ ಸತ್ತಿದ್ದಾರೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಇಲ್ಲಿ ಕೆಳಗಿಳಿದರೆ ತರಕಾರಿ, ಡಾಕ್ಟರು, ಗೆಳೆಯರು ಎಲ್ಲರೂ ನಡಿಗೆಯಷ್ಟು ದೂರದಲ್ಲೇ.

ಮೂರನೆಯದು ಆಸರೆ. ಅಲ್ಲಿ ಆರೋಗ್ಯ ವಿಮೆ ಬಹುಮಂದಿಗೆ ನೌಕರಿಯ ಜೊತೆಗೇ ಬರುತ್ತದೆ. ನೌಕರಿ ಹೋದರೆ ಅದಕ್ಕೂ ಕುತ್ತು. 1993ರ ಕೇಂದ್ರ ಕಾಯಿದೆ ಹೆರಿಗೆಗೆ ಕೊಡುವುದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯಿಂದ 26 ವಾರ, ಸಂಬಳ ಸಹಿತ. ಆದರೆ ಬಾಯಿಗೆ ಆ ರಜೆ ಇದೆಯೇ? ಇನ್ನು ಗ್ರೀನ್ ಕಾರ್ಡ್. ನೌಕರಿಯ ಮೂಲಕ ಕೊಡುವ ಕಾರ್ಡುಗಳಲ್ಲಿ ಯಾವ ದೇಶದವರಿಗೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಅಷ್ಟು ಕಾಲ ನೌಕರಿಯ ಹಗ್ಗ ಹಿಡಿದೇ ಇರಬೇಕು.

ಇಷ್ಟಿದ್ದರೂ ಒಂದು ವಿಷಯದಲ್ಲಿ ಆ ದೇಶಕ್ಕೆ ಕೈ ಮುಗಿಯಬೇಕು. 1990ರಲ್ಲಿ ಅಂಗವಿಕಲರಿಗಾಗಿ ಅವರು ಕಾಯಿದೆ ಮಾಡಿದರು. ಗಾಲಿಕುರ್ಚಿಯವರು ಬಸ್ಸು ಹತ್ತುತ್ತಾರೆ, ಗ್ರಂಥಾಲಯಕ್ಕೆ ಹೋಗುತ್ತಾರೆ. ನಮ್ಮಲ್ಲೂ 2016ರ ಕಾಯಿದೆ ಇದೆ. ಆದರೆ ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ಮೊಣಕಾಲು ಸೋತ ಅಜ್ಜಿಗೆ ಕೆಳಗಿನ ಬೀದಿಯೇ ಪರದೇಶ!

ಬಾಳಿನ ಗುಣಮಟ್ಟವನ್ನು ಗಟ್ಟಿಮುಟ್ಟಾದ, ಕೈತುಂಬ ಸಂಪಾದಿಸುವ ಇಪ್ಪತ್ತೈದರ ತರುಣನಿಂದ ಅಳೆಯಬೇಡಿ. ಆತ ಎಲ್ಲಿದ್ದರೂ ಸುಖಿ. ಕಾಯಿಲೆಯವರು, ಬಸುರಿ, ಮುದುಕರು, ಕೂಲಿಯವರು ಅಲ್ಲಿ ಹೇಗೆ ಬಾಳುತ್ತಾರೆ ನೋಡಿ. ಮುಂದೊಂದು ದಿನ ನೀವೂ ಆ ಸಾಲಿಗೆ ಸೇರುವವರೇ.

ಹೋಗುವುದಾದರೆ ಸಂತೋಷದಿಂದ ಹೋಗಿ. ಆದರೆ ಟಿಕೆಟ್ ತೆಗೆಯುವ ಮುನ್ನ ಅಪ್ಪ ಅಮ್ಮ ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತಾರೆಂದು ಎಣಿಸಿ. ಇಲ್ಲೇ ಇರುವವರು ಸೊಸೈಟಿಯ ಮುಂದಿನ ಸಭೆಯಲ್ಲಿ ಲಿಫ್ಟಿನ ಮಾತೆತ್ತಿ. ಮನೆಗೆಲಸದ ಬಾಯಿಗೆ ವಾರಕ್ಕೊಂದು ರಜೆ ಕೊಡಿಸಿ. ಅದಕ್ಕೆ ವೀಸಾ ಬೇಕಿಲ್ಲ.