ಆಟಿ ತಿಂಗಳಲ್ಲಿ ಫೋನ್ ಎತ್ತದವರು

ನಮ್ಮ ಕಾರ್ಕಳ ಕಡೆ ಜುಲೈ ಬಂತೆಂದರೆ ಮಾತಿಗೆ ಒಂದೇ ವಿಷಯ, ಕೊಳೆರೋಗ. ಬೋರ್ಡೋ ಹೊಡೆದಾಯ್ತಾ, ಎರಡನೇ ಸಲಕ್ಕೆ ಮಳೆ ಬಿಟ್ಟಿತಾ, ಮರ ಹತ್ತಲು ಜನ ಸಿಕ್ಕಿದರಾ. ಉದುರಿದ ಅಡಿಕೆಯ ಲೆಕ್ಕ ಎಲ್ಲರ ಬಾಯಲ್ಲೂ ಉಂಟು. ಆ ತೋಟದವನು ರಾತ್ರಿ ಎರಡು ಗಂಟೆಗೆ ಎದ್ದು ಕೂತಿರುವ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ.

ಮೂರು ವರ್ಷದ ಹಿಂದೆ ಹಾಗೆ ಕೂತವನು ನಾನೇ. ಆ ವರ್ಷ ಮೇ ತಿಂಗಳಲ್ಲಿ ನನ್ನ ಸಾವಯವ ತೋಟದ ವಿಡಿಯೊ ಒಂದು ಚೆನ್ನಾಗಿ ಓಡಿತ್ತು, ಸಲಹೆ ಕೇಳಿ ದಿನಾ ಫೋನ್. ಜುಲೈಯಲ್ಲಿ ಮಳೆ ಬಿಡದೆ ಹಿಡಿಯಿತು, ಎರಡನೇ ಬೋರ್ಡೋ ತಪ್ಪಿತು, ಅರ್ಧಕ್ಕರ್ಧ ಫಸಲು ನೆಲಕ್ಕೆ ಬಿತ್ತು. ತೋಟಗಾರಿಕೆ ಡಿಗ್ರಿ ಮಾಡಿದವನ ತೋಟ ಮಾರಾಯ್ರೆ! ಹೇಳುವುದು ಯಾರ ಹತ್ತಿರ? ಫೋನ್ ಸೈಲೆಂಟ್‌ಗೆ ಹಾಕಿದೆ. ರಾತ್ರಿ ಮಲಗಿಕೊಂಡು ಬೇರೆಯವರ 'ಎಕರೆಗೆ ಇಷ್ಟು ಲಕ್ಷ' ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದೆ. ಊಟ ಸೇರಲಿಲ್ಲ, ಹಟ್ಟಿಗೆ ಹೋಗಲೂ ಮನಸ್ಸಿಲ್ಲ. ಅಮ್ಮ ಒಂದು ದಿನ ಪಕ್ಕದಲ್ಲಿ ಬಂದು ಕೂತು "ನಿಂಗೆ ಎಂತ ಆಯ್ತು ಮಗಾ?" ಅಂದರು.

ಕೊಳೆರೋಗ ಶುರುವಾಗುವುದು ಕಾಯಿ ಉದುರಿದಾಗ ಅಲ್ಲ. ಅದಕ್ಕೂ ಮೊದಲೇ ತೊಟ್ಟಿನ ಹತ್ತಿರ ನೀರು ಹೀರಿದಂಥ ಮಚ್ಚೆ ಬಂದಿರುತ್ತದೆ. ಅಂಥ ಮಚ್ಚೆಯನ್ನು ಬೇರೆಯವರ ತೋಟದಲ್ಲಿ ಗುರುತಿಸಿ ಹೇಳುತ್ತಿದ್ದ ನನಗೆ ನನ್ನದೇ ಕಾಣಲಿಲ್ಲ.

ನಮ್ಮಲ್ಲಿ ಕಾಲವೂ ಹಾಗೇ ಉಂಟು ನೋಡಿ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮ ನಿಲ್ಲುತ್ತದೆ, ಆಟಿಯಲ್ಲಿ ಮದುವೆಯೂ ಇಲ್ಲ. ಜನ ಸೇರುವ ಜಾಗವೆಲ್ಲ ಮುಚ್ಚಿರುವಾಗಲೇ ಬೆಳೆ ಹೋಗುವುದು. ಹಿಂದೆ ಮನೆ ತುಂಬ ಜನ ಇದ್ದರು. ಈಗ ಅಣ್ಣ ಬೆಂಗಳೂರಲ್ಲಿ, ಅಕ್ಕ ದುಬೈಯಲ್ಲಿ, ಉಳಿದದ್ದು ನಾವು ಮತ್ತು ನಮ್ಮ ಫೋನ್.

ಇಂಥವರಿಗೆ 'ಪಾಸಿಟಿವ್ ಆಗಿರಿ, ಯೋಗ ಮಾಡಿ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯೋಗ ಒಳ್ಳೆಯದೇ. ಆದರೆ ಉಸಿರು ಎಳೆದು ಬಿಟ್ಟರೆ ಸೊಸೈಟಿ ಸಾಲದ ಕಂತು ಮುಂದೆ ಹೋಗುವುದಿಲ್ಲ. 2022ರ ಒಂದೇ ವರ್ಷ ದೇಶದಲ್ಲಿ ಕೃಷಿ ನಂಬಿದ 11,290 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯವರು. ಅವರಿಗೆಲ್ಲ ಮನಸ್ಸು ಗಟ್ಟಿ ಇರಲಿಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಮಣಿಪಾಲಕ್ಕೆ ಬಸ್ ಹತ್ತಿದೆ. ದಾರಿಯಲ್ಲಿ ಸಿಕ್ಕಿದವರಿಗೆ 'ಹೊಟ್ಟೆನೋವು, ತೋರಿಸಲಿಕ್ಕೆ' ಅಂತ ಸುಳ್ಳು ಹೇಳಿದೆ. ಡಾಕ್ಟರು ಕೇಳಿದ್ದು ಸಾದಾ ಪ್ರಶ್ನೆ: ನಿದ್ದೆ ಕೆಟ್ಟು ಎಷ್ಟು ದಿನ ಆಯ್ತು, ಇಷ್ಟದ ಕೆಲಸವೂ ಬೇಡ ಅನ್ನಿಸುತ್ತದಾ? ಎರಡು ವಾರ ದಾಟಿದರೆ ತೋರಿಸಲೇಬೇಕಂತೆ. ನನ್ನದು ಐದು ವಾರ ಆಗಿತ್ತು. ನಿದ್ದೆ ಸರಿಯಾಗಲು ಒಂದು ತಿಂಗಳು ಹಿಡಿಯಿತು. ಸಾಲ ಹಾಗೇ ಇತ್ತು, ಆದರೆ ಸೊಸೈಟಿಗೆ ಹೋಗಿ ಮಾತಾಡಲು ಧೈರ್ಯ ಬಂತು.

ಬಸ್ ಹತ್ತಲು ಆಗದವರು 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಉಂಟು, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಮಾತು, ಮನೆಯವರಿಗೆ. ಯಾರಾದರೂ ಮಾತು ಬಿಟ್ಟು ಕೂತಿದ್ದರೆ ತೋಟಕ್ಕೆ ತಂದ ವಿಷದ ಡಬ್ಬಿಗಳನ್ನು ಇವತ್ತೇ ಬೇರೆ ಮನೆಗೆ ಸಾಗಿಸಿ. ಸಾವಯವದವನು ಅಂತ ಹೇಳುತ್ತಿಲ್ಲ. ಕೆಟ್ಟ ಗಳಿಗೆ ದಾಟಿದರೆ ಎಷ್ಟೋ ಜನ ಬದುಕಿಕೊಳ್ಳುತ್ತಾರೆ.

ಕಾಪು ಹತ್ತಿರ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಗೆಳೆಯನೊಬ್ಬ ಇದ್ದಾನೆ. ಮಳೆಗೆ ಹೂ ಇಲ್ಲ ಅನ್ನುತ್ತಿದ್ದವನು ಮೂರು ದಿನದಿಂದ ಫೋನ್ ಎತ್ತುತ್ತಿಲ್ಲ. ಇದನ್ನು ಬರೆದು ಕಳಿಸಿ, ರೈನ್‌ಕೋಟ್ ಹಾಕಿಕೊಂಡು ಬೈಕ್ ತೆಗೆಯುತ್ತಿದ್ದೇನೆ.