ಹದದ ದಿನ ಗ್ಯಾರೇಜಿನ ಸರದಿ ಯಾರದು?

ಆರಿದ್ರಾ ಮಳೆ ರಾತ್ರಿ ಬಿತ್ತು ಅಂದ್ರೆ ಬೆಳಗ್ಗೆ ನಮ್ಮ ಹೋಬಳಿ ಊರಿನ ಟ್ರಾಕ್ಟರ್ ಗ್ಯಾರೇಜಿನ ಮುಂದೆ ಜಾತ್ರೆ. ಒಬ್ಬನದು ಸ್ಟಾರ್ಟ್ ಆಗಲ್ಲ, ಒಬ್ಬನದು ಹೈಡ್ರಾಲಿಕ್ ಎತ್ತಲ್ಲ, ಇನ್ನೊಬ್ಬ ಕೂರಿಗೆಯ ಮುರಿದ ತಾಳು ಹಿಡಿದು ವೆಲ್ಡಿಂಗ್‌ಗೆ ನಿಂತಿರುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಅಣ್ಣಾ, ಅರ್ಧ ಗಂಟೆ ಕೆಲ್ಸ, ನಂದೊಂದು ಮಾಡಿ ಕಳ್ಸಿಬಿಡು."

ಚಳ್ಳಕೆರೆ ಸೀಮೆಯ ಕೆಂಪು ನೆಲದಲ್ಲಿ ಶೇಂಗಾ ಬಿತ್ತುವವರ ಕಷ್ಟ ಬೇರೆಯವರಿಗೆ ಪೂರ್ತಿ ಗೊತ್ತಾಗಲಿಕ್ಕಿಲ್ಲ. ಮಳೆ ಬಿದ್ದ ಮೇಲೆ ಹದ ಇರೋದು ಮೂರೋ ನಾಲ್ಕೋ ದಿನ. ಗಾಳಿ ಜೋರಾಗಿದ್ರೆ ಎರಡೇ. ಆ ದಿನ ತಪ್ಪಿದರೆ ಮುಂದಿನ ಮಳೆ ಯಾವಾಗಲೋ ಏನೋ. ಹಾಗಾಗಿ ಎಲ್ಲರೂ ಓಡಿ ಬರೋದು ತಪ್ಪಲ್ಲ. ಆದರೆ ಅಂದು ಒಳಗೆ ಶೆಡ್ಡಿನಲ್ಲಿ ಮೊದಲೇ ದಿನ ಹೇಳಿಸಿಕೊಂಡು ಬಂದವನ ಗಾಡಿ ಬಿಚ್ಚಿಕೊಂಡು ಕೂತಿರುತ್ತಲ್ಲ, ಅವನ ಗತಿ ಏನು?

2019ರಲ್ಲಿ ಆ ಗತಿ ನನ್ನದಾಗಿತ್ತು. ನಮ್ಮದು ಅಣ್ಣ ತಮ್ಮಂದಿರ ನಡುವೆ ಇರೋ ಒಂದು ಹಳೇ ಟ್ರಾಕ್ಟರು. ಕ್ಲಚ್ ಜಾರುತ್ತಿತ್ತು. ಮೇಸ್ತ್ರಿ "ಸೋಮವಾರ ತನ್ನಿ" ಅಂದ, ಸೋಮವಾರವೇ ಒಯ್ದೆ. ಕ್ಲಚ್ ಪ್ಲೇಟ್ ಹಾಕಬೇಕೆಂದರೆ ಗಾಡಿಯ ನಡು ಬಿಡಿಸಬೇಕು. ಇಂಜಿನ್ನು ಒಂದು ಕಡೆ, ಗೇರ್‌ಬಾಕ್ಸು ಹಿಂದಿನ ಗಾಲಿ ಇನ್ನೊಂದು ಕಡೆ. ಹಾಗೆ ಬಿಡಿಸಿದ ಮೇಲೆ ಮೇಸ್ತ್ರಿಗೆ ಗೊತ್ತಾಯ್ತು, ಆ ಅಳತೆಯ ಪ್ಲೇಟು ಅಂಗಡಿಯಲ್ಲಿಲ್ಲ, ಚಿತ್ರದುರ್ಗದಿಂದ ಬರಬೇಕು. ಮಂಗಳವಾರ ರಾತ್ರಿ ಮಳೆ ಹೊಡೀತು. ಬುಧವಾರ ಪ್ಲೇಟು ಬಂತು, ಆದ್ರೆ ಮೇಸ್ತ್ರಿ ಬರಲಿಲ್ಲ. ಹೊರಗೆ ಹನ್ನೊಂದು ಗಾಡಿ ನಿಂತಿದ್ದವು. ಅದರಲ್ಲಿ ಎರಡು ಇಟ್ಟಿಗೆ ಹೊಡೆಯೋ ಗಾಡಿ. ಅವಕ್ಕೂ ಹದಕ್ಕೂ ಏನು ಸಂಬಂಧ? ಅವರು ಕೈಗೆ ರೊಕ್ಕ ಕೊಡ್ತಾರೆ, ಅಷ್ಟೇ. ನನ್ನದು ಶನಿವಾರ ಸಂಜೆ ಕೂಡಿತು. ಆರು ಎಕರೆಯಲ್ಲಿ ಎರಡು ಎಕರೆ ಬಾಡಿಗೆ ಗಾಡಿಯಲ್ಲಿ ಬಿತ್ತಿದ್ದೆ, ಉಳಿದ ನಾಲ್ಕಕ್ಕೆ ಆ ವರ್ಷ ಹುರುಳಿಯೇ ಗತಿ. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರ ಇದೆಯಲ್ಲ ಅನ್ನಬಹುದು. ಇದೆ. ಆದರೆ ಹದ ಬಂದಾಗ ಎಲ್ಲರಿಗೂ ಅದೇ ದಿನವೇ ಗಾಡಿ ಬೇಕಲ್ಲ.

ಮೇಸ್ತ್ರಿಯನ್ನು ಮೂರು ವರ್ಷ ಬೈದುಕೊಂಡೇ ಇದ್ದೆ. 2022ರಲ್ಲಿ ಬಾಯಿ ಮುಚ್ಚಿತು. ಬಿತ್ತನೆ ಹೊತ್ತಿನಲ್ಲೇ ನಮ್ಮ ಗಾಡಿಯ ಹೈಡ್ರಾಲಿಕ್ ಪೈಪು ಒಡೀತು. ಬೆಳಗ್ಗೆ ಆರಕ್ಕೇ ಹೋಗಿ ಕೈ ಮುಗಿದೆ. ಮೇಸ್ತ್ರಿ ಒಳಗಿನ ಕೆಲಸ ಬಿಟ್ಟು ಬಂದ. ಮುಕ್ಕಾಲು ಗಂಟೆಯಲ್ಲಿ ಆಯ್ತು. ಆದರೆ ನನಗೆ ಮಾಡಿಕೊಟ್ಟದ್ದು ನೋಡಿ ಮತ್ತೊಬ್ಬ ಬಂದ, ಅವನ ಹಿಂದೆ ಇನ್ನೊಬ್ಬ. ಹಣ ಕೊಡುವಾಗ ಕಂಡೆ: ಪಕ್ಕದ ಹೋಬಳಿಯ ಒಬ್ಬ ಅಜ್ಜ, ತಲೆಗೆ ಟವೆಲ್ ಸುತ್ತಿಕೊಂಡು, ಬಿಚ್ಚಿದ ಇಂಜಿನ್ನಿನ ಪಕ್ಕ ಕಲ್ಲಿನ ಮೇಲೆ ಕೂತಿದ್ದ. ಅವತ್ತು ಅವನಿಗೆ ಕೊಟ್ಟ ದಿನ. ಏನೂ ಮಾತಾಡಲಿಲ್ಲ. ಜೋರು ಮಾಡಿದ್ರೆ ನನಗೂ ಸಮಾಧಾನ ಆಗ್ತಿತ್ತೇನೋ.

ಬಿತ್ತನೆ ಮುಗಿದ ಮೇಲೆ ಒಂದು ದಿನ ಮೇಸ್ತ್ರಿ ಹತ್ರ ಕೂತು ಕೇಳಿದೆ, ಯಾಕಪ್ಪಾ ಹಿಂಗೆ ಅಂತ. ಅವನು ಹೇಳಿದ್ದು: "ಗೌಡ್ರೇ, ಮಾಗಿ ಕಾಲ್ದಾಗೆ ಒಬ್ರಾದ್ರೂ ಗಾಡಿ ತರ್ತೀರಾ? ಖಾಲಿ ಕೂತು ಹುಡುಗ್ರಿಗೆ ಎಲ್ಲಿಂದ ಸಂಬ್ಳ ಕೊಡ್ಲಿ? ಕೆಲ್ಸ ಕಲ್ತೋರು ಬೆಂಗ್ಳೂರಿಗೆ ಹೋದ್ರು. ಬಿತ್ನೆ ಟೈಮ್ನಾಗೆ ಎಲ್ರೂ ಬರ್ತೀರಾ, ಸುಗ್ಗಿಗೆ ಕೊಡ್ತೀನಿ ಅಂತೀರಾ. ಇಟ್ಟಿಗೆ ಗಾಡಿಯೋನ ರೊಕ್ಕದಾಗೇ ನಿಮ್ಗೆ ಬೋಲ್ಟು ನಟ್ಟು ತರೋದು." ನಾನು ಬೈಯುತ್ತಿದ್ದ ಇಟ್ಟಿಗೆ ಗಾಡಿ ನನ್ನ ಸಾಲವನ್ನೇ ಹೊತ್ತಿತ್ತು ಅಂತಾಯ್ತು.

ನಮ್ಮಪ್ಪನ ಕಾಲದಲ್ಲಿ ಬಡಗಿ, ಕಮ್ಮಾರರಿಗೆ ವರ್ಷಕ್ಕೆ ಇಷ್ಟು ಅಂತ ಕಣದಲ್ಲಿ ಆಯ ಅಳೆದು ಕೊಡುತ್ತಿದ್ದರು. ಬಡಗಿ ಬೇಸಿಗೆಯಲ್ಲೇ ಎಲ್ಲರ ಕೂರಿಗೆ, ಕುಂಟೆ ಸರಿ ಮಾಡಿಡುತ್ತಿದ್ದ. ಬಿತ್ತುವಾಗ ಮುರಿದರೆ ರಾತ್ರಿ ದೀಪ ಹಚ್ಚಿಕೊಂಡಾದರೂ ಕಟ್ಟಿಕೊಡುತ್ತಿದ್ದ. ಆ ಪದ್ಧತಿಯಲ್ಲಿ ಅವರಿಗೆ ಅನ್ಯಾಯವೂ ಇತ್ತು, ಕಣದ ಅಂಚಿಗೆ ಕೈಕಟ್ಟಿ ನಿಲ್ಲಬೇಕಿತ್ತು, ಕೊಟ್ಟಷ್ಟು ತಗೋಬೇಕಿತ್ತು. ಅದು ಹೋಗಿದ್ದೇ ಒಳ್ಳೇದು. ಆದರೆ ವರ್ಷವಿಡೀ ಆಸರೆ ಇದ್ದವನು ಹದದ ದಿನ ಕೈಬಿಡುವುದಿಲ್ಲ ಅನ್ನೋ ಲೆಕ್ಕ ಮಾತ್ರ ಸುಳ್ಳಲ್ಲ.

ಅದೇ ಲೆಕ್ಕದಲ್ಲಿ ನಾವು ಎಂಟು ಜನ ಒಂದು ಮಾತು ಮಾಡಿಕೊಂಡೆವು. ಶೇಂಗಾ ಮಾರಿದ ಕೂಡಲೇ ಹಳೇ ಬಾಕಿ ತೀರಿಸಿ, ಮುಂದಿನ ಸರ್ವೀಸಿಗೆ ಎರಡು ಸಾವಿರ ಮುಂಗಡ ಕೊಡೋದು. ಮಾಗಿಯಲ್ಲಿ ಒಬ್ಬೊಬ್ಬರಿಗೂ ಒಂದು ದಿನ. ಕ್ಲಚ್, ಇಂಜಿನ್ನು, ಗೇರು, ನಡು ಬಿಡಿಸೋ ಕೆಲಸವೆಲ್ಲ ಆಗಲೇ. ಮೃಗಶಿರೆಯಿಂದ ಪುನರ್ವಸುವರೆಗೆ ಸಾಮಾನು ಕೈಗೆ ಬರೋ ತನಕ ಯಾರ ಗಾಡಿಯನ್ನೂ ಬಿಚ್ಚಬಾರದು. ಹೊರಗಿನ ದಿಢೀರ್ ಕೆಲಸಕ್ಕೆ ಬೆಳಗ್ಗೆ ಹತ್ತರವರೆಗೆ ಮೇಸ್ತ್ರಿ, ಆಮೇಲೆ ಅವನು ಒಳಗೆ, ಹೊರಗೆ ಹುಡುಗ. ಬಂದವನ ಊರಿಗೆ ಮಳೆ ಬಿದ್ದಿದೆಯಾ, ಗಾಡಿ ಬಿತ್ತನೆಗೆ ಹೊರಟಿದ್ದಾ ಅಂತ ಕೇಳಬೇಕು. ನಮ್ಮ ಕಡೆ ಈ ಊರಿಗೆ ಬಿದ್ದ ಮಳೆ ಆ ಊರಿಗೆ ಬೀಳಲ್ಲ. ಯಾವ ದಿಕ್ಕಿಗೆ ಮಳೆಯಾಗಿದೆ ಅಂತ ಮೇಸ್ತ್ರಿಗೆ ರೇಡಿಯೋಕ್ಕಿಂತ ಚೆನ್ನಾಗಿ ಗೊತ್ತಿರುತ್ತೆ, ಹಾಗಾಗಿ ಸುಳ್ಳು ನಡೆಯಲ್ಲ.

ಅರ್ಧಕ್ಕರ್ಧ ಕೆಲಸಕ್ಕೆ ಗ್ಯಾರೇಜೇ ಬೇಕಿಲ್ಲ ಅನ್ನೋದೂ ಆಗ ಗೊತ್ತಾಯ್ತು. ಡೀಸೆಲ್ ಖಾಲಿಯಾಗಿ ಗಾಳಿ ಹಿಡಿದರೆ, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪು ಒತ್ತುತ್ತಾ ಹೋಗಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿದರೆ ಸಾಕು. ಇಷ್ಟಕ್ಕೆ ನಾನು ಎಷ್ಟು ಸಲ ಮೇಸ್ತ್ರಿಯನ್ನು ಹೊಲಕ್ಕೆ ಕರೆಸಿದ್ದೀನಿ! ಬ್ಯಾಟರಿ ಟರ್ಮಿನಲ್ ಉಜ್ಜೋದು, ಏರ್ ಕ್ಲೀನರಿನ ಎಣ್ಣೆ ಬದಲಿಸೋದು, ಫ್ಯಾನ್ ಬೆಲ್ಟ್ ಒಂದು ಜೊತೇಲಿ ಇಟ್ಟುಕೊಳ್ಳೋದು, ಇವೆಲ್ಲ ನಮ್ಮ ಮನೆ ಹುಡುಗರೇ ಮಾಡ್ತಾರೆ.

ಇಷ್ಟಾದರೂ ಜಗಳ ಪೂರ್ತಿ ನಿಂತಿಲ್ಲ. ನಮ್ಮ ಎಂಟು ಜನದಲ್ಲಿ ಇಬ್ಬರು ಎರಡನೇ ವರ್ಷ ಮುಂಗಡ ಕೊಡಲಿಲ್ಲ, ಬೆಳೆ ಬರಲಿಲ್ಲ ಅಂದರು. ನಿಜವೇ, 2023ರ ಬರದಲ್ಲಿ ಯಾರಿಗೆ ಏನು ಬಂತು? ಅವರನ್ನು ಬಿಡಬೇಡ ಅಂತ ಮೇಸ್ತ್ರಿಗೆ ನಾವೇ ಹೇಳಿದೆವು, ಅವನೂ ಒಪ್ಪಿದ. ಈಗ ಒಬ್ಬ ಹುಡುಗ ವರ್ಷಪೂರ್ತಿ ಅವನ ಹತ್ರ ಇದ್ದಾನೆ, ವೆಲ್ಡಿಂಗ್ ಅವನೇ ಮಾಡ್ತಾನೆ.

ನನ್ನ ಗಾಡಿಗೆ ಎಳ್ಳಮಾವಾಸ್ಯೆ ಕಳೆದ ಮೊದಲ ಸೋಮವಾರ ಕೊಟ್ಟಿದ್ದಾನೆ. ಹಿಂದಿನ ಗಾಲಿ ಸೀಲು ಎಣ್ಣೆ ಸೋರುತ್ತಿದೆ. ಹೊಸ ಸೀಲು ತಂದು ಮನೆಯಲ್ಲಿಟ್ಟಿದ್ದೀನಿ.